ಎಡಗೈ ಗಂಟು

ಕಾಜಕ್ಕನಿಗೆ ಆ ಹೆಸರು ಬಂದದ್ದು ಅವಳ ಮಷೀನಿನಿಂದ. ಅಂಗಿಯ ಗುಂಡಿ ತೂರಿಸಲು ಒಂದು ಸೀಳು ಬೇಕಲ್ಲ, ಆ ಸೀಳಿನ ಸುತ್ತ ಒತ್ತೊತ್ತಾಗಿ ಹಾಕುವ ಹೊಲಿಗೆಗೆ ಕಾಜಾ ಅನ್ನುತ್ತಾರೆ. ಸಿದ್ಧ ಉಡುಪಿನ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಕಿಟಕಿಯಿಂದ ಮೂರನೇ ಕುರ್ಚಿಯಲ್ಲಿ ಕೂತು ಅವಳು ಮೂವತ್ತೈದು ವರ್ಷದಿಂದ ಅದನ್ನೇ ಹಾಕುತ್ತಿದ್ದಳು. ಎಲ್ಲೆಲ್ಲಿಯೋ ಇರುವ ಗಂಡಸರು ಬೆಳಿಗ್ಗೆ ಎದ್ದು ಅವಳು ಹೊಲಿದ ಸೀಳಿಗೆ ಗುಂಡಿ ತೂರಿಸಿ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಅವಳು ಯಾರೆಂದು ಗೊತ್ತಿಲ್ಲ. ಅದಕ್ಕಾಗಿ ಅವಳು ಎಂದೂ ಬೇಜಾರು ಮಾಡಿಕೊಂಡವಳಲ್ಲ. ಅವಳ ಸಿಟ್ಟು ಬೇರೆಯದು. ಜಪಾನಿನ ಒಬ್ಬ ನಟಿಯನ್ನು ಈ ಲೋಕ ನೆಟ್ಟಗೆ ನೋಡಿಲ್ಲ ಎಂಬುದು ಆ ಸಿಟ್ಟು.

ಅದು ಶುರುವಾದದ್ದು ಅವಳ ಹತ್ತೊಂಬತ್ತನೇ ವಯಸ್ಸಿನಲ್ಲಿ. ಆಗ ತಾನೇ ಕೆಲಸಕ್ಕೆ ಸೇರಿದ್ದಳು, ಮಧ್ಯಾಹ್ನದ ಪಾಳಿ. ಕಾರ್ಖಾನೆಯ ಎದುರಿಗೇ ಒಂದು ಹಳೇ ಟಾಕೀಸು. ವಾರದ ದಿನಗಳಲ್ಲಿ ಬೆಳಗಿನ ಆಟಕ್ಕೆ ಅಲ್ಲಿ ಯಾವ್ಯಾವುದೋ ದೇಶದ ಹಳೇ ಚಿತ್ರಗಳನ್ನು ಹಾಕುತ್ತಿದ್ದರು. ನೋಡಲು ಬರುವವರು ಏಳೆಂಟು ಮಂದಿ, ಅದರಲ್ಲಿ ಅರ್ಧ ಜನ ನಿದ್ದೆಗೆ. ಕಾಜಕ್ಕನೂ ಹೋದದ್ದು ಕಾಲು ಚಾಚಿ ಕೂರುವುದಕ್ಕೇ. ಪರದೆಯ ಮೇಲೆ ಕಪ್ಪು ಬಿಳುಪಿನ ಒಂದು ಕಥೆ ನಡೆಯುತ್ತಿತ್ತು. ಮಾತು ತಿಳಿಯದು, ಕೆಳಗೆ ಬರುವ ಅಕ್ಷರಗಳನ್ನು ಕೂಡಿಸಿಕೊಳ್ಳುವಷ್ಟರಲ್ಲಿ ಅವು ಮಾಯ. ಒಬ್ಬ ಹುಡುಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದಳು. ಅಂಗಳದಲ್ಲಿ ಒಬ್ಬ ಠೀವಿಯ ಗಂಡಸು ನಿಂತು ಉದ್ದಕ್ಕೆ ಏನೋ ಹೇಳುತ್ತಿದ್ದ. ಮದುವೆಯ ಮಾತೇ ಇರಬೇಕು, ಅವಳಪ್ಪ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದ. ಹುಡುಗಿ ತಲೆ ಎತ್ತಲಿಲ್ಲ. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಅದರಲ್ಲಿ ಒಂದು ತೊಟ್ಟು ನೀರೂ ಉಳಿದಿರಲಿಲ್ಲ.

ಕಾಜಕ್ಕನ ನಿದ್ದೆ ಹಾರಿಹೋಯಿತು. ಆ ವಾರವೇ ಅವಳ ಮನೆಗೂ ಒಬ್ಬ ಬಂದು ನೋಡಿಕೊಂಡು ಹೋಗಿದ್ದ. ಅವನೆದುರು ಅವಳು ಬೆರಳ ಉಗುರು ನೋಡುತ್ತ ಕೂತಿದ್ದಳು, ಬಾಯಿ ಕಟ್ಟಿಹೋದ ಹಾಗೆ. ಬೇಡ ಅನ್ನುವುದನ್ನು ಬಾಯಿ ಬಿಡದೆಯೂ ಇಷ್ಟು ಜೋರಾಗಿ ಹೇಳಬಹುದು ಎಂದು ಅವಳಿಗೆ ಆವತ್ತೇ ತಿಳಿದದ್ದು. ಅದೇ ಸಿನಿಮಾಕ್ಕೆ ಆ ವಾರ ಇನ್ನೂ ಮೂರು ಸಲ ಹೋದಳು. ಮನೆಗೆ ಬಂದವನಿಗೆ ಅವಳ ಅಪ್ಪನೇ ಒಲ್ಲೆ ಎಂದು ಹೇಳಿಕಳಿಸಬೇಕಾಯಿತು. ಮಗಳು ನಾಲ್ಕು ದಿನ ಪಾತ್ರೆ ಉಜ್ಜಿದ್ದನ್ನೇ ಉಜ್ಜುತ್ತಿದ್ದುದನ್ನು ಅವರು ನೋಡಿದ್ದರು.

ಮದುವೆಯಾದದ್ದು ಐದು ವರ್ಷ ತಡೆದು, ಬಸ್ಸು ರಿಪೇರಿಯ ಮೆಕ್ಯಾನಿಕ್ಕನನ್ನು, ತಾನೇ ಒಪ್ಪಿ. ಒಪ್ಪುವ ಮೊದಲು ಒಂದೇ ಮಾತು ಹೇಳಿದ್ದಳು: "ಬೆಳಗಿನ ಆಟಕ್ಕೆ ನಾನು ಹೋಗ್ತೀನಿ. ಅದಕ್ಕೆ ಯಾರೂ ಅಡ್ಡ ಬರಬಾರದು." ಮೆಕ್ಯಾನಿಕ್ಕ ನಕ್ಕು ಹೂಂ ಅಂದ. ಅತ್ತೆ ನಗಲಿಲ್ಲ.

"ಹಗಲು ಹೊತ್ತಲ್ಲಿ ಸೊಸೆ ಒಬ್ಬಳೇ ಟಾಕೀಸಲ್ಲಿ ಕೂತಿರ್ತಾಳೆ ಅಂತ ನಾಲ್ಕು ಜನ ಆಡ್ಕೋತಿದಾರೆ" ಎಂದು ಒಂದು ದಿನ ಅತ್ತೆ ಮುಖ ಊದಿಸಿಕೊಂಡರು.

"ಒಬ್ಬಳೇ ಯಾಕೆ ಅತ್ತೆ, ನೀವೂ ಬನ್ನಿ. ಇಬ್ಬರನ್ನೂ ಸೇರಿಸಿ ಆಡ್ಕೊಳ್ಳಲಿ."

ಅತ್ತೆ ಬರಲಿಲ್ಲ, ಆದರೆ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ನಟಿಗೆ ಮಾತ್ರ ಆ ಮನೆಯಲ್ಲಿ ಒಂದು ಹೆಸರು ಹುಟ್ಟಿಕೊಂಡಿತು, ಜಪಾನಕ್ಕ. 'ನಿಮ್ಮ ಜಪಾನಕ್ಕನ ಮನೇಲಿ ಎಲ್ಲ ಕ್ಷೇಮವಾ?' ಎಂದು ನಾದಿನಿಯರು ಕೆಣಕುತ್ತಿದ್ದರು. 'ಕ್ಷೇಮ ಇಲ್ಲ, ಸ್ಟುಡಿಯೋದವರ ಜೊತೆ ಜಗಳ ಆಡಿದಾಳೆ' ಎಂದು ಕಾಜಕ್ಕ ಅಷ್ಟೇ ಗಂಭೀರವಾಗಿ ಉತ್ತರ ಕೊಡುತ್ತಿದ್ದಳು.

ಜಗಳ ಆಡಿದ್ದು ನಿಜ. ಟಾಕೀಸು ಮುಚ್ಚಿದ ಮೇಲೆ ಕ್ಯಾಸೆಟ್ ಅಂಗಡಿಯವನು, ಅವನು ಅಂಗಡಿ ಮುಚ್ಚಿದ ಮೇಲೆ ಮಗಳ ಕಂಪ್ಯೂಟರು, ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಕಾಜಕ್ಕ ಮೂವತ್ತು ವರ್ಷದಲ್ಲಿ ಆ ನಟಿಯ ನಲವತ್ಮೂರು ಚಿತ್ರಗಳಲ್ಲಿ ಮೂವತ್ತೊಂಬತ್ತನ್ನು ನೋಡಿದಳು. ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲವೆಂದು ತಾನೇ ಹೆಸರಿಟ್ಟಳು: ಮೆಟ್ಟಿಲಿನ ಸಿನಿಮಾ, ಬಸ್ಸಿನ ಸಿನಿಮಾ, ಛತ್ರಿಯ ಸಿನಿಮಾ. ಹದಿನಾರಕ್ಕೆ ಸ್ಟುಡಿಯೋ ಸೇರಿದ ನಟಿಯನ್ನು ಮೊದಲ ಎಂಟು ಚಿತ್ರಗಳಲ್ಲಿ ನಗುವುದಕ್ಕೇ ಇಟ್ಟುಕೊಂಡಿದ್ದರು. ನಾಯಕ ಬಂದರೆ ನಗು, ಹೋದರೆ ನಗು. ಒಂಬತ್ತನೆಯದರಲ್ಲಿ, ಅಂದರೆ ಮೆಟ್ಟಿಲಿನ ಸಿನಿಮಾದಲ್ಲಿ, ಅವಳು ಮೊದಲ ಸಲ ನಗಲಿಲ್ಲ. ಮೂವತ್ತೊಂದಕ್ಕೆ, ಗಂಡ ಹೊಡೆದರೂ ಕಾಲಿಗೆ ಬೀಳುವ ಹೆಂಡತಿಯ ಪಾತ್ರ ಕೊಟ್ಟಾಗ ಆಗುವುದಿಲ್ಲ ಎಂದಳು. ಸ್ಟುಡಿಯೋ ಅವಳನ್ನು ಹೊರಗೆ ಹಾಕಿತು. ಮೂರು ವರ್ಷ ಒಂದೇ ಒಂದು ಚಿತ್ರವಿಲ್ಲ. ನಾಲ್ಕನೇ ವರ್ಷ ಯಾರೂ ಕೇಳರಿಯದ ಸಣ್ಣ ಕಂಪನಿಯ ಚಿತ್ರವೊಂದರಲ್ಲಿ ಬಸ್ ಕಂಡಕ್ಟರಾಗಿ ಬಂದಳು. ಇಡೀ ಚಿತ್ರದಲ್ಲಿ ನಿಂತೇ ಇರುತ್ತಾಳೆ. ಕಾಲು ನೋಯುತ್ತಿದೆ ಎಂದು ಎಲ್ಲೂ ಹೇಳುವುದಿಲ್ಲ, ಆದರೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುವುದನ್ನು ನೋಡಿದರೆ ನೋಡುವವರ ಮಂಡಿ ನೋಯುತ್ತದೆ. ಕಾಜಕ್ಕನ ಗಂಡ ಮೆಚ್ಚಿದ್ದು ಅದೊಂದೇ ಚಿತ್ರ, ಅದೂ ಬಸ್ಸಿನ ಸಲುವಾಗಿ.

ನಲವತ್ನಾಲ್ಕಕ್ಕೆ ತನಗಿಂತ ಎರಡೇ ವರ್ಷ ಚಿಕ್ಕವನಾದ ನಾಯಕನಿಗೆ ತಾಯಿಯಾಗಲು ಕರೆದರು. ಜಪಾನಕ್ಕ ಒಲ್ಲೆನೆಂದು ಛತ್ರಿ ರಿಪೇರಿಯವಳ ಪಾತ್ರ ಹಿಡಿದಳು. ಈ ಸುದ್ದಿ ಕಾಜಕ್ಕನ ಬದುಕಿಗೆ ನೇರವಾಗಿ ಬಂದು ತಾಗಿತು. ಅವಳಿಗೆ ನಲವತ್ತಾರಾಗಿದ್ದಾಗ ಕನ್ನಡಕ ಬಂತು. ಮರುವಾರವೇ ಮೇಲ್ವಿಚಾರಕ ಬಂದು, "ವಯಸ್ಸಾಯ್ತಲ್ಲಕ್ಕಾ, ಇನ್ಮೇಲೆ ದಾರ ಕತ್ತರಿಸೋ ಮೇಜಿಗೆ ಹೋಗಿ. ಮಷೀನು ಚಿಕ್ಕವರಿಗೆ ಬಿಡಿ" ಎಂದ. ದಾರ ಕತ್ತರಿಸುವ ಮೇಜು ಅಂದರೆ ಮುದುಕಿಯರ ಮೂಲೆ. ಅಲ್ಲಿಗೆ ಹೋದವರು ಮುಂದಿನ ವರ್ಷ ಮನೆಗೆ ಹೋಗುತ್ತಿದ್ದರು.

"ಕಣ್ಣು ಮಂಜಾದ್ರೆ ಕನ್ನಡಕ ಹಾಕ್ತೀನಿ. ಕುರ್ಚಿ ಯಾಕೆ ಬಿಡಲಿ?"

"ಮೇಲಿನವರ ಆರ್ಡರು."

"ಹಾಗಾದ್ರೆ ಮೇಲಿನವರನ್ನೇ ಕರೀರಿ. ನಾನು ಐವತ್ತು ಅಂಗಿ ಹಾಕ್ತೀನಿ, ಆ ಹೊಸ ಹುಡುಗಿ ಐವತ್ತು ಹಾಕಲಿ. ಯಾವುದು ಯಾರದು ಅಂತ ಹೇಳದೆ ಅವರ ಮುಂದಿಡಿ. ನನ್ನದರಲ್ಲಿ ಒಂದು ಎಳೆ ಎದ್ದಿದ್ರೂ ಈಗಲೇ ಎದ್ದು ಹೋಗ್ತೀನಿ."

ಮೇಲ್ವಿಚಾರಕ ಗೊಣಗಿಕೊಂಡು ಹೋದವನು ಮತ್ತೆ ಆ ಮಾತು ತೆಗೆಯಲಿಲ್ಲ. ಇಸ್ತ್ರಿ ವಿಭಾಗದ ಗೆಳತಿ, ಎಲ್ಲರೂ ಇಸ್ತ್ರಿ ಎಂದೇ ಕರೆಯುವವಳು, ಊಟದ ಹೊತ್ತಿನಲ್ಲಿ ಕೇಳಿದಳು: "ಅಷ್ಟು ಧೈರ್ಯ ಎಲ್ಲಿಂದ ಬಂತೇ ನಿನಗೆ?" ಜಪಾನಕ್ಕನಿಂದ ಎಂದು ಕಾಜಕ್ಕ ಸತ್ಯವನ್ನೇ ಹೇಳಿದಳು. ಇಸ್ತ್ರಿಗೆ ಅನ್ನ ನೆತ್ತಿಗೇರುವಷ್ಟು ನಗು ಬಂತು.

ಜಪಾನಕ್ಕ ತೀರಿಕೊಂಡ ಸುದ್ದಿ ಮೂರು ವರ್ಷದ ಹಿಂದೆ ಮಗಳ ಫೋನಿಗೆ ಬಂತು. ತೊಂಬತ್ತು ದಾಟಿತ್ತು. ಕಾಜಕ್ಕ ಒಂದು ದಿನ ರಜೆ ಹಾಕಿದಳು. ರಜೆ ಚೀಟಿಯಲ್ಲಿ 'ನನ್ನವರೊಬ್ಬರು ಹೋದರು' ಎಂದು ಬರೆದಿದ್ದಳು. ಹೋದವರು ಏನಾಗಬೇಕು ಎಂದು ಮೇಲ್ವಿಚಾರಕ ಕೇಳಿದ. "ಅಕ್ಕ" ಅಂದಳು. ಅವನು ಪಾಪ, ಕೈ ಮುಗಿದು ಎರಡು ದಿನ ಬರೆದುಕೊಟ್ಟ.

ಅದಾಗಿ ಕೆಲವು ತಿಂಗಳಿಗೆ ಊರಿನ ಚಿತ್ರಸಂಘದವರು ಆ ನಟಿಯ ಐದು ಚಿತ್ರಗಳನ್ನು ಐದು ಭಾನುವಾರ ತೋರಿಸುತ್ತಾರೆ ಎಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಪತ್ತೆ ಮಾಡಿಕೊಂಡು ಬಂದಳು. ಗ್ರಂಥಾಲಯದ ಮೇಲಿನ ಸಭಾಂಗಣ, ಬೆಳಿಗ್ಗೆ ಹನ್ನೊಂದಕ್ಕೆ. ಕಾಜಕ್ಕ ಐದೂ ವಾರ ಮೊದಲ ಸಾಲಿನಲ್ಲಿ ಕೂತಳು. ತನ್ನ ಹಾಗೆ ನಲವತ್ತು ಜನ ಅದೇ ಮುಖವನ್ನು ನೋಡುತ್ತಿದ್ದಾರೆ ಅನ್ನುವ ಸಂತೋಷಕ್ಕೆ ಮೊದಲ ವಾರ ಅವಳು ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದ್ದಳು.

ಕೊನೆಯ ಭಾನುವಾರ ಎಲ್ಲಕ್ಕಿಂತ ಹೆಸರು ಮಾಡಿದ ಚಿತ್ರ. ಅದರ ನಿರ್ದೇಶಕರ ಮೇಲೆ ಎರಡು ಪುಸ್ತಕ ಬರೆದ ಉಪನ್ಯಾಸಕರೊಬ್ಬರು ಭಾಷಣಕ್ಕೆ ಬಂದಿದ್ದರು. ಒಳ್ಳೇ ಕಂಠ, ಒಳ್ಳೇ ಮಾತು. ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಗಂಡ ಇನ್ನು ಬರುವುದಿಲ್ಲ ಎಂಬ ಸುದ್ದಿ ತಿಳಿದಾಗ ಹೆಂಡತಿ ಅಳುವುದಿಲ್ಲ. ನಮಗೆ ಬೆನ್ನು ಮಾಡಿ ಕೂರುತ್ತಾಳೆ. ಗಟ್ಟಿಯಾಗಿ ಕಟ್ಟಿಟ್ಟ ಬಟ್ಟೆಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಾಳೆ.

"ಇದು ನಿರ್ದೇಶಕನ ಪ್ರತಿಭೆ" ಎಂದರು ಉಪನ್ಯಾಸಕರು. "ನಟಿ ಇಲ್ಲಿ ಬರೀ ಜೇಡಿಮಣ್ಣು. ಆಕೆಯೊಳಗಿನದನ್ನೆಲ್ಲ ಖಾಲಿ ಮಾಡಿ ಆತ ಈ ಆಕಾರ ಕೊಟ್ಟ. ಆತ ಇಲ್ಲದಿದ್ದರೆ ಆಕೆ ಇನ್ನೊಬ್ಬ ಸುಂದರ ನಟಿ, ಅಷ್ಟೆ."

ಪ್ರಶ್ನೆಗಳಿದ್ದರೆ ಕೇಳಿ ಎಂದು ಸಂಘದ ಕಾರ್ಯದರ್ಶಿ ಹೇಳುವುದಕ್ಕೂ ಕಾಯದೆ ಕಾಜಕ್ಕ ಎದ್ದು ನಿಂತಿದ್ದಳು. ಮಗಳು ಸೆರಗು ಜಗ್ಗಿದಳು. ಅವಳು ಕೂರಲಿಲ್ಲ.

"ಸರ್, ಆ ಗಂಟು ಅವರು ಹೇಳಿಕೊಟ್ಟಿದ್ದಲ್ಲ."

"ಏನಮ್ಮಾ?"

"ಇದಕ್ಕಿಂತ ಒಂಬತ್ತು ವರ್ಷ ಮೊದಲು ಒಂದು ನಗೆ ಸಿನಿಮಾ ಬಂದಿತ್ತು. ಬೇರೆ ನಿರ್ದೇಶಕರದ್ದು. ಅದರಲ್ಲಿ ಅಪ್ಪ ಬೈತಾನೆ, ಇವಳು ಬೆನ್ನು ತಿರುಗಿಸಿ ಕೂತು ಊಟದ ಗಂಟನ್ನ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಹೀಗೇ. ಛತ್ರಿಯ ಸಿನಿಮಾದಲ್ಲೂ ಇದೆ. ಅದು ನಿಮ್ಮ ನಿರ್ದೇಶಕರು ಸತ್ತ ಮೇಲೆ ಬಂದಿದ್ದು."

ಉಪನ್ಯಾಸಕರು ಮುಗುಳ್ನಕ್ಕರು. "ಆ ನಗೆಚಿತ್ರವನ್ನ ಯಾರೂ ನೋಡಿಲ್ಲಮ್ಮ. ಲೆಕ್ಕಕ್ಕೆ ಬರೋ ಚಿತ್ರವೇ ಅಲ್ಲ ಅದು."

"ನಾನು ನೋಡಿದೀನಿ. ಆರು ಸಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಜಕ್ಕನ ಕಿವಿ ಬಿಸಿಯಾಯಿತು, ದನಿ ಮಾತ್ರ ಇಳಿಯಲಿಲ್ಲ. "ಇನ್ನೊಂದು ಮಾತು. ಅವಳು ಎಡಚಿ, ಸರ್. ಬರೆಯೋದು, ಊಟ ಮಾಡೋದು ಎಲ್ಲ ಬಲಗೈಲಿ ಮಾಡಿಸಿದಾರೆ. ಗಂಟು ಕಟ್ಟುವಾಗ ಮಾತ್ರ ಎಡಗೈಯೇ ಮೇಲೆ ಬರುತ್ತೆ. ಮೂರೂ ಸಿನಿಮಾದಲ್ಲಿ ಹಾಗೇ ಇದೆ. ಯಾವ ನಿರ್ದೇಶಕ ಹೇಳಿಕೊಡ್ತಾನೆ ಅದನ್ನ? ಜೇಡಿಮಣ್ಣು ಅಂದ್ರಲ್ಲ, ಆ ಮಣ್ಣು ತಾನೇ ಮಡಕೆಯಾಗಿ ಬಂದಿತ್ತು. ಅವರು ನೀರು ತುಂಬಿಸಿಕೊಂಡರು."

ಸಭೆಯಲ್ಲಿ ಗುಸುಗುಸು ಎದ್ದಿತು. ಉಪನ್ಯಾಸಕರು ಕನ್ನಡಕ ತೆಗೆದು ಒರೆಸಿಕೊಂಡರು. "ತಾವು ಏನು ಕೆಲಸ ಮಾಡ್ತೀರಿ?"

"ಕಾಜಾ ಹಾಕ್ತೀನಿ."

"ಅದಕ್ಕೇ ಕೈ ನೋಡ್ತೀರಿ" ಎಂದು ಅವರು ಹಗುರವಾಗಿ ತೇಲಿಸಿಬಿಟ್ಟರು. ಎಲ್ಲರೂ ನಕ್ಕರು.

"ಹೌದು, ಅದಕ್ಕೇ ನೋಡ್ತೀನಿ" ಎಂದಳು ಕಾಜಕ್ಕ. "ನೀವೂ ಸ್ವಲ್ಪ ನೋಡಿ."

ಮಗಳು ಅಮ್ಮನನ್ನು ಬೇಗ ಬೇಗ ಬಸ್ಸಿಗೆ ಹತ್ತಿಸಿದಳು. ಬಸ್ಸಿಳಿದ ಮೇಲೆ, "ಅಮ್ಮ, ಅಷ್ಟು ಜನರ ಮುಂದೆ ನಿನ್ನನ್ನ ನೋಡಿ ನಗ್ತಿದ್ರು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

"ನಗಲಿ ಬಿಡೇ. ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ."

"ಹಾಗಾದ್ರೆ ಅಳು ಯಾಕೆ? ಕೂತು ಬರೆದುಕೊಳ್ಳೋಣ ಬಾ. ಬಾಯಿಮಾತಾದ್ರೆ ತಾನೇ ನಗೋದು, ಬರೆದಿಟ್ಟಿದ್ದನ್ನ ಹೇಗೆ ನಗ್ತಾರೋ ನೋಡೋಣ."

ನಾಲ್ಕು ಭಾನುವಾರ ಅಮ್ಮ ಹೇಳಿದಳು, ಮಗಳು ಟೈಪು ಮಾಡಿದಳು. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕದಲ್ಲಿ ಕಾರ್ಖಾನೆಯಿಂದ ತಂದ ರದ್ದಿ ಕಾಗದದ ಕಟ್ಟು. ಅಂಗಿಯ ಅಳತೆ ಬರೆದು ಬಿಸಾಡಿದ ಹಾಳೆಗಳು ಅವು. ಹಿಂಬದಿಯಲ್ಲಿ ಕಾಜಕ್ಕ ವರ್ಷಗಳಿಂದ ಗೀಚಿಟ್ಟ ಟಿಪ್ಪಣಿ. ಯಾವ ಚಿತ್ರದಲ್ಲಿ ಎಲ್ಲಿ ಬೆನ್ನು ಮಾಡಿದಳು, ಎಲ್ಲಿ ಮಾತನ್ನು ಅರ್ಧಕ್ಕೆ ನುಂಗಿದಳು, ಎಲ್ಲಿ ಸುಮ್ಮಸುಮ್ಮನೆ ನಗಿಸಿದರು, ಎಲ್ಲವೂ. ಗಂಡ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಎರಡನೇ ವಾರ, "ಕಂಡಕ್ಟರು ಕೈಗಂಬಿ ಹಿಡಿಯೋದನ್ನೂ ಹಾಕು. ಮೊಣಕೈ ಹಾಗೆ ಒಳಕ್ಕೆ ಎಳ್ಕೋಬೇಕು ಅಂದ್ರೆ ಓಡೋ ಬಸ್ಸಲ್ಲಿ ನಿಂತು ಗೊತ್ತಿರಬೇಕು" ಎಂದ. ಕಾಜಕ್ಕ ಅವನನ್ನು ಒಮ್ಮೆ ನೋಡಿ, ಮಗಳಿಗೆ ಹೇಳಿದಳು: "ಹಾಕಮ್ಮ, ನಿಮ್ಮಪ್ಪ ಹೇಳಿದ್ದು."

ಬರಹದ ಒಂದು ಭಾಗ ಹೀಗಿತ್ತು: 'ಈಕೆಯನ್ನು ದೊಡ್ಡವರ ಚಿತ್ರದಲ್ಲಿ ಕೆಲಸ ಮಾಡಿದ ನಟಿ ಎನ್ನುತ್ತಾರೆ. ನಾನು ಹೇಳುವುದು, ದೊಡ್ಡವರಲ್ಲದವರ ಚಿತ್ರಗಳಲ್ಲೂ ಈಕೆ ಅಷ್ಟೇ ಮನಸ್ಸಿಟ್ಟು ಕೆಲಸ ಮಾಡಿದಳು. ಕೆಟ್ಟ ಚಿತ್ರ ಎಂದು ಕೈ ಸಡಿಲ ಬಿಡಲಿಲ್ಲ. ನಾವು ಅಗ್ಗದ ಅಂಗಿಗೂ ದುಬಾರಿ ಅಂಗಿಗೂ ಅದೇ ಕಾಜಾ ಹಾಕುತ್ತೇವೆ. ಕೊನೆಯ ಚಿತ್ರದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದು ಸೇಬಿನ ಸಿಪ್ಪೆ ತೆಗೆಯುತ್ತಾಳೆ, ಆಗ ಆಕೆಗೆ ಅರವತ್ತೇಳು. ಕೈ ನಡುಗುತ್ತದೆ. ನಡುಕವನ್ನು ಮುಚ್ಚಿಡುವುದಿಲ್ಲ, ತೋರಿಸಿಕೊಳ್ಳುವುದೂ ಇಲ್ಲ. ಸಿಪ್ಪೆ ತುಂಡಾಗುತ್ತದೆ, ಆಕೆ ಮುಂದುವರಿಸುತ್ತಾಳೆ. ನನ್ನ ಕೈ ನಡುಗುವ ದಿನ ಬಂದರೆ ನಾನೂ ಹಾಗೇ ಮುಂದುವರಿಸಬೇಕು ಎಂದುಕೊಂಡಿದ್ದೇನೆ.'

ಹನ್ನೊಂದು ಪುಟ. ಸಂಘ ಪ್ರತಿವರ್ಷ ತರುವ ಪುಸ್ತಿಕೆಗೆ ಕೊಡಲು ಕಾಜಕ್ಕ ತಾನೇ ಹೋದಳು. ಕಾರ್ಯದರ್ಶಿ ಒಳ್ಳೆಯ ಮನುಷ್ಯರೇ. ಕುರ್ಚಿ ಹಾಕಿ ಕೂರಿಸಿದರು. ವಾರ ಬಿಟ್ಟು ಕರೆಸಿ ತಿದ್ದಿದ ಪ್ರತಿಯನ್ನು ಕೈಗಿತ್ತರು. ಹನ್ನೊಂದು ಪುಟ ಎರಡಾಗಿತ್ತು. 'ಅಭಿಮಾನಿಯೊಬ್ಬಳ ಮುಗ್ಧ ನೆನಪು' ಎಂದು ತಲೆಬರಹ. ಮೆಟ್ಟಿಲಿನ ಸಿನಿಮಾ, ಸೇಬು ಇದ್ದವು. ಗಂಟಿನ ಸುದ್ದಿಯೇ ಇರಲಿಲ್ಲ.

"ಗಂಟು ಎಲ್ಲಿ ಸರ್?"

"ಅದು... ಉಪನ್ಯಾಸಕರ ಲೇಖನಾನೂ ಅದೇ ಪುಸ್ತಿಕೇಲಿ ಬರುತ್ತೆ ನೋಡಿ. ಒಂದರ ಪಕ್ಕ ಒಂದು ಹಾಗೆ ಹಾಕಿದರೆ ಚೆನ್ನಾಗಿರಲ್ಲ. ನಿಮ್ಮ ಬರಹದ ಸೊಗಸು ಅದರ ಭಾವನೇಲಿದೆ."

"ಗಂಟು ತೆಗೆದ ಮೇಲೆ ಉಳಿಯೋದು ಹರಡಿದ ಬಟ್ಟೆ ಅಷ್ಟೆ. ಮುಗ್ಧ ಅಂತ ಯಾರನ್ನ ಅಂದ್ರಿ? ನನಗೆ ಐವತ್ತೆರಡು ವರ್ಷ."

"ಅದು ಮೆಚ್ಚುಗೆಯ ಮಾತಮ್ಮ..."

"ನನಗೆ ಬೇಡ" ಎಂದು ಅವಳು ತನ್ನ ಹನ್ನೊಂದು ಪುಟಗಳನ್ನು ಮಾತ್ರ ತೆಗೆದುಕೊಂಡು, ಎರಡು ಪುಟವನ್ನು ಮೇಜಿನ ಮೇಲೆ ಅಂಗೈಯಿಂದ ನೀವಿ ಇಟ್ಟು ಎದ್ದಳು.

ಪುಸ್ತಿಕೆ ಅವಳಿಲ್ಲದೆಯೇ ಬಂತು. ಬಿಡುಗಡೆಯ ದಿನ ಅವಳು ಗ್ರಂಥಾಲಯದ ಮೆಟ್ಟಿಲ ಬಳಿ ನಿಂತು, ಮಗಳು ಜೆರಾಕ್ಸ್ ಮಾಡಿಸಿಕೊಟ್ಟ ಹನ್ನೊಂದು ಪುಟದ ಪ್ರತಿಗಳನ್ನು ಬಂದವರಿಗೆಲ್ಲ ಹಂಚಿದಳು. ಕೆಲವರು ಕರಪತ್ರವೆಂದು ತಿಳಿದು ಬೇಡ ಅಂದರು. ಕೆಲವರು ತೆಗೆದುಕೊಂಡು ಒಳಗೆ ಹೋಗಿ ಅದರಿಂದ ಗಾಳಿ ಬೀಸಿಕೊಂಡರು. ಉಪನ್ಯಾಸಕರು ಬಂದಾಗ ಅವರಿಗೂ ಒಂದು ನೀಡಿದಳು. ಅವರು ಅದನ್ನು ಮಡಚಿ ಕೋಟಿನ ಜೇಬಿಗೆ ಇಟ್ಟುಕೊಂಡರು. ಓದಿದರೋ ಇಲ್ಲವೋ ಇವತ್ತಿಗೂ ತಿಳಿಯದು. ಕಾಜಕ್ಕ ವಿಚಾರಿಸಲೂ ಹೋಗಲಿಲ್ಲ.

ಅವಳಿಗೆ ತೋಚಿದ ದಾರಿ ಬೇರೆ. ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿಗೆಂದು ವರ್ಷಕ್ಕೊಂದು ದಿನ ಕೆಲಸ ನಿಲ್ಲಿಸುತ್ತಾರೆ. ಹೆಂಗಸರು ಬಂದು ಹಾಜರಿ ಹಾಕಿ ಕ್ಯಾಂಟೀನಿನಲ್ಲಿ ಸುಮ್ಮನೆ ಕೂತಿರಬೇಕು. ಆ ದಿನ ಕ್ಯಾಂಟೀನಿನ ಗೋಡೆಗೆ ಬಿಳಿ ಬಟ್ಟೆ ಹೊಡೆದು ಸಿನಿಮಾ ತೋರಿಸಲು ಅವಳು ಮೇಲ್ವಿಚಾರಕನ ಒಪ್ಪಿಗೆ ಕೇಳಿದಳು. 'ಯಾವ ಸಿನಿಮಾ?' ಎಂದ. "ನಮ್ಮಕ್ಕನದು" ಎಂದಳು. ಅವನಿಗೆ ಎರಡು ದಿನ ರಜೆ ಕೊಟ್ಟದ್ದು ನೆನಪಾಗಿ ಮುಖ ಸಿಂಡರಿಸಿದ, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. ಮಗಳು ಆಸ್ಪತ್ರೆಯಿಂದ ಪ್ರೊಜೆಕ್ಟರು ತಂದಳು. ಅಂಗಿಯ ಬಟ್ಟೆಯ ಉದ್ದನೆ ತುಂಡಿಗೆ ಗೆಳತಿ ಇಸ್ತ್ರಿ ಸುಕ್ಕಿಲ್ಲದ ಹಾಗೆ ಪೆಟ್ಟಿಗೆ ಓಡಿಸಿದಳು.

ಮೂವತ್ತು ಹೆಂಗಸರು ಕೂತರು. ಕಾಜಕ್ಕ ತೋರಿಸಿದ್ದು ಹೆಸರು ಮಾಡಿದ ಚಿತ್ರವನ್ನಲ್ಲ, ಯಾರೂ ನೋಡಿಲ್ಲ ಎನ್ನಿಸಿಕೊಂಡ ಆ ನಗೆ ಸಿನಿಮಾವನ್ನು. ಮಾತು ತಿಳಿಯದವರಿಗೆ ಮಗಳು ನಿಂತುಕೊಂಡು ಅಷ್ಟಿಷ್ಟು ಹೇಳುತ್ತಿದ್ದಳು. ಮೊದಲ ಅರ್ಧ ಗಂಟೆಯಲ್ಲಿ ಆರು ಜನ ಮೇಜಿನ ಮೇಲೆ ತಲೆಯಿಟ್ಟು ಮಲಗಿದರು. ಇಬ್ಬರು ಸೊಸೆಯ ದೂರು ಹೇಳಿಕೊಳ್ಳುತ್ತ ಹೊರಗೆ ಹೋದರು. ಉಳಿದವರು ನಗಬೇಕಾದ ಕಡೆ ನಕ್ಕರು, ನಗಬಾರದ ಕಡೆಯೂ ನಕ್ಕರು. ಅಪ್ಪ ಬೈಯುವ ದೃಶ್ಯ ಬಂತು. ಹುಡುಗಿ ಬೆನ್ನು ಮಾಡಿದಳು. ಗಂಟು ಬಿಚ್ಚಿದಳು. ಎಡಗೈ ಮೇಲೆ ಬಂತು. ಪ್ಯಾಕಿಂಗ್ ವಿಭಾಗದವರು ಕೂತ ಕಡೆಯಿಂದ ಒಂದು ದನಿ, "ಅಯ್ಯೋ, ನಾನು ಸಿಟ್ಟು ಬಂದಾಗ ಬಟ್ಟೆ ಮಡಚೋದು ಹೀಗೇ ಕಣೇ" ಅಂದಿತು.

ಸಿನಿಮಾ ಮುಗಿದು ದೀಪ ಹಾಕಿದಾಗ ಇಸ್ತ್ರಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

"ಏನೇ, ಹಿಡಿಸಲಿಲ್ವಾ?" ಎಂದಳು ಕಾಜಕ್ಕ.

"ಗಂಟೇನೋ ಸರಿ. ಆದ್ರೆ ಕೊನೇಲಿ ಅಪ್ಪನ ಹತ್ರ ವಾಪಸು ಯಾಕೆ ಹೋಗ್ತಾಳೆ? ಅಷ್ಟೆಲ್ಲ ಬೈಸಿಕೊಂಡು? ನಿಮ್ಮಕ್ಕ ಅಲ್ಲಿ ತಪ್ಪು ಮಾಡಿದಾಳೆ."

"ಅದು ಬರೆದವರ ತಪ್ಪು, ಅವಳದಲ್ಲ! ಬಾಗಿಲಲ್ಲಿ ಹೇಗೆ ನಿಲ್ತಾಳೆ ನೋಡಿದ್ಯಾ? ಕಾಲು ಒಳಗಿಟ್ಟಿದಾಳೆ, ಮುಖ ಹೊರಗಿದೆ."

"ಮುಖ ಎಲ್ಲಾದ್ರೂ ಇರಲಿ, ಕಾಲು ಒಳಗೇ ಹೋಯ್ತಲ್ಲ" ಎಂದು ಪ್ಯಾಕಿಂಗಿನವಳೂ ದನಿಗೂಡಿಸಿದಳು. ಮಲಗಿದ್ದವರು ಎದ್ದು, ಏನಾಯ್ತು, ಯಾರು ಯಾರಿಗೆ ಹೊಡೆದರು ಎಂದು ಕೇಳತೊಡಗಿದರು. ನಾಲ್ಕು ಮೇಜಿನಿಂದ ನಾಲ್ಕು ಮಾತು ಎದ್ದವು. ಒಬ್ಬಳು ಹೋಗಬೇಕಾದ್ದೇ ಸರಿ ಅಂದಳು, ಇನ್ನೊಬ್ಬಳು ನಾನಾಗಿದ್ದರೆ ಹೊಸ್ತಿಲೂ ತುಳಿಯುತ್ತಿರಲಿಲ್ಲ ಅಂದಳು. ಮೂವತ್ಮೂರು ವರ್ಷ ಈ ನಟಿಯ ಪರವಾಗಿ ಕಾಜಕ್ಕ ಒಬ್ಬಳೇ ವಾದ ಮಾಡಿದ್ದಳು. ಚಿತ್ರ ನೋಡಿಯೇ ಎದುರುವಾದ ಮಾಡುವವರು ಅವಳಿಗೆ ಸಿಕ್ಕಿರಲೇ ಇಲ್ಲ. ಅವಳ ಕೆನ್ನೆ ಕೆಂಪೇರಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೂತ್ಕೊಳ್ರೇ ಎಲ್ಲರೂ" ಎಂದಳು. "ಆ ಬಾಗಿಲಿನ ದೃಶ್ಯ ಮತ್ತೊಂದು ಸಲ ಹಾಕಿಸ್ತೀನಿ. ಈ ಸಲ ಬಾಯಿ ಮುಚ್ಚಿಕೊಂಡು ಕಾಲನ್ನೇ ನೋಡಿ."